ಟೋಳಿಯವರಿಂದ ಮಾಡಿಸಿದ ಆಣೆ

ಇಂಡಿ ಕಡೆಯಿಂದ ಗಡಿ ದಾಟಿ ನಮ್ಮ ಸೊಲ್ಲಾಪುರ ಸೀಮೆಗೆ ಕಬ್ಬು ಕಡಿಯಲು ಬಂದ ಕೂಲಿಗಳ ಟೋಳಿ ನಮ್ಮ ಹೊಲದ ಬದುವಿಗೆ ಗುಡಿಸಲು ಹಾಕಿದ ಮೂರನೆಯ ದಿನ, ಬಾವಿಯ ಮೋಟರಿನ ಕೇಬಲ್ ಕಾಣೆಯಾಯಿತು. ಕದ್ದವರು ಯಾರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರ ಕಣ್ಣೂ ಆ ಗುಡಿಸಲುಗಳ ಕಡೆ ಹೊರಳಿದವು. ನನ್ನವೂ.

ಅವರು ಆಡುತ್ತಿದ್ದುದು ನನ್ನ ಅಜ್ಜಿ ನನಗೆ ಕಲಿಸಿದ ಕನ್ನಡವೇ. ಆದರೂ ನಮ್ಮ ಕಾಕಾ ಅವರ ಆಧಾರ್ ಕಾರ್ಡು ಕೇಳಿದ್ದು ಮರಾಠಿಯಲ್ಲಿ. ಸೊಲ್ಲಾಪುರದ ಪೇಟೆಯಲ್ಲಿ ನಮ್ಮನ್ನು 'ಕಾನಡಿ ಮಂದಿ' ಎಂದು ಬದಿಗೆ ಸರಿಸುವವರ ದನಿ ಹೇಗಿರುತ್ತದೋ, ಅಂದು ಕಾಕಾನ ದನಿಯೂ ಹಾಗೇ ಇತ್ತು.

ಕಳವಾದರೆ ನಮ್ಮಲ್ಲಿ ಪೊಲೀಸರಿಗಿಂತ ಮೊದಲು ಬೀರೋಬಾನ, ಅಂದರೆ ಬೀರಪ್ಪ ದೇವರ ಕಟ್ಟೆ. ಅಲ್ಲಿಟ್ಟ ಅರಿಸಿನದ ಭಂಡಾರ ಮುಟ್ಟಿ, ತಗೊಂಡಿಲ್ಲವೆಂದು ಆಣೆ ಮಾಡಬೇಕು. ಸುಳ್ಳು ಆಣೆ ಮಾಡಿದವರ ಮನೆ ಉಳಿಯುವುದಿಲ್ಲವೆಂಬ ಭಯ ಇಂದಿಗೂ ಇದೆ.

"ಮುಟ್ಟಿದ್ರ ಇರ್ರಿ. ಇಲ್ಲಂದ್ರ ಇವತ್ತ ಗುಡಿಸಲ ಕಿತ್ಗೊಂಡ ನಡೀರಿ" ಎಂದರು ಕಾಕಾ.

ಹಾಗೆ ಹೋದರೆ ಆ ಹಂಗಾಮಿಗೆ ಇನ್ನಾವ ಊರೂ ಅವರನ್ನು ಸೇರಿಸುತ್ತಿರಲಿಲ್ಲ. ಕಳ್ಳರೆಂಬ ಹೆಸರು ಅವರಿಗಿಂತ ಮೊದಲೇ ಹೋಗಿ ತಲುಪುತ್ತಿತ್ತು.

ಟೋಳಿಯವರೆಲ್ಲ ಒಬ್ಬೊಬ್ಬರಾಗಿ ಮುಟ್ಟಿದರು. ಕೊನೆಗೆ ಬಂದ ಹಿರಿಯ ಹೆಂಗಸು ಮುಟ್ಟಿದವಳು ಅಲ್ಲಿಂದ ಕದಲಲಿಲ್ಲ.

"ನಮ್ದ ಆತ್ರಿ ಮಾಲಕರ. ಈಗ ನೀವೂ ಮುಟ್ರಿ."

"ಊರ ಮಂದಿ ಯಾಕ ಮುಟ್ಟಬೇಕ? ಕಳಕೊಂಡವರ ನಾವು" ಎಂದರು ಕಾಕಾ.

"ಬೀರಪ್ಪ ನಮ್ಮೂರಾಗೂ ಅದಾನ್ರಿ. ಅಂವಾ ಯಾರಿಗೂ ಕಾರ್ಡ್ ಕೇಳಂಗಿಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಕಾಕಾ ಮುಖ ಬಿಗಿದುಕೊಂಡೇ ಭಂಡಾರಕ್ಕೆ ಕೈ ಇಟ್ಟರು. ನಾನೂ ಇಟ್ಟೆ. ಹಿಂತಿರುಗಿ ನೋಡಿದರೆ ಕಟ್ಟೆಯ ಸುತ್ತಲಿನ ಗುಂಪು ಕರಗುತ್ತಿತ್ತು. ಒಬ್ಬನಿಗೆ ಎಮ್ಮೆ ಹಿಂಡುವುದಿತ್ತು, ಇನ್ನೊಬ್ಬನಿಗೆ ಅಕ್ಕಲಕೋಟದ ಬಸ್ಸು ತಪ್ಪುತ್ತಿತ್ತು. "ಮೈ ತೊಳಕೊಂಡಿಲ್ಲ, ನಾಳಿ ಮುಟ್ತೀನಿ" ಎಂದು ಮೂರನೆಯವನು ಹೊರಟ. ಆ ನಾಳೆ ಬರಲೇ ಇಲ್ಲ.

ಮಾತು ಕೊಟ್ಟಿದ್ದರಿಂದ ಕಾಕಾ ಟೋಳಿಯನ್ನು ಉಳಿಸಿಕೊಂಡರು. ಆದರೆ ಹೊಸ ಕೇಬಲ್ ಎಳೆಸಿದ ಮೇಲೆ ಹೊರಸು ತಂದು ಬಾವಿಯ ಹತ್ತಿರ ಹಾಕಿಕೊಂಡು ಅಲ್ಲೇ ಮಲಗತೊಡಗಿದರು, ಗುಡಿಸಲುಗಳು ಕಣ್ಣಿಗೆ ಬೀಳುವ ಹಾಗೆ.

"ಭಂಡಾರ ಮುಟ್ಟದವರು ಊರಾಗ ಅದಾರಲ್ಲ ಕಾಕಾ?" ಎಂದೆ.

"ಅವರು ನಮ್ಮವರೋ" ಎಂದರು, ನಾನೇನೋ ಹುಚ್ಚು ಮಾತಾಡಿದ ಹಾಗೆ. ಆಮೇಲೆ ನಾನೂ ಕೇಳಲಿಲ್ಲ. ಆ ಮೂವರ ಬಗ್ಗೆ ನನಗಿದ್ದ ಗುಮಾನಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ದಿನಾ ಅವರಿಗೆ ರಾಮ್ ರಾಮ್ ಹೇಳಿದೆ.

ಒಂದು ಮಧ್ಯಾಹ್ನ ಆ ಹೆಂಗಸು ಕೊಡ ಹಿಡಿದು ಬಾವಿಗೆ ಬಂದಳು. ಕಾಕಾ ಊಟಕ್ಕೆ ಹೋಗಿದ್ದರು. ಅವಳು ನೀರಿಗೆ ಕೈ ಹಾಕದೆ ದೂರವೇ ನಿಂತಳು.

"ಇಲ್ಲೇ ನಿಂದರ್ರಿ ಅಣ್ಣಾರ, ಕೊಡ ತುಂಬೂತನಕ. ನಾಳಿ ಏನರೆ ಹೋದ್ರ, ನಾ ಬರೇ ನೀರ ಒಯ್ದೆ ಅಂತ ನೀವರೆ ಹೇಳ್ರಿ."

ನಿಂತೆ. ಅವಳು ಕೊಡ ತುಂಬಿಕೊಂಡು ಹೋಗುವವರೆಗೂ ನನ್ನ ಕಣ್ಣು ಅವಳ ಕೈಗಳನ್ನು ಬಿಡಲಿಲ್ಲ.