ದಣಿದವರ ಮೇಜಿನ ತೀರ್ಪು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿಗೆ ಕಾದಿರುವ ಬಟ್ಟೆಯ ಗಂಟುಗಳ ನಡುವೆ, ಮೂವರು ಒಂದು ಮೇಜಿನ ಸುತ್ತ ಕೂತು ತೂಕಡಿಸುತ್ತಿದ್ದಾರೆ. ರಾತ್ರಿ ಪಾಳಿ ಮುಗಿಸಿದ ನರ್ಸ್, ಮೊಣಕೈವರೆಗೂ ಮೈದಾ ಮೆತ್ತಿಕೊಂಡ ಬೇಕರಿಯವನು, ಬಸ್ಸನ್ನು ಡಿಪೋಗೆ ಬಿಟ್ಟು ನೇರ ಇಲ್ಲಿಗೇ ಬಂದ ಡ್ರೈವರಣ್ಣ. ಅವರೆದುರು ಪುಸ್ತಕ ಬಿಡಿಸಿ ಕೂತಿರುವಾಕೆ ಮಾತ್ರ ಚುರುಕಾಗಿದ್ದಾರೆ.

"ನದಿ ಉಕ್ಕಿ ಹರೀತಿದೆ. ಆಚೆ ದಡದ ಕೋಟೆಯಿಂದ ಯಾರೋ ಅಳೋ ಸದ್ದು ಬರ್ತಿದೆ. ಏನ್ ಮಾಡ್ತೀರಾ?"

ನರ್ಸ್ ಕಣ್ಣುಜ್ಜಿಕೊಂಡು, "ಮೊದ್ಲು ಹೋಗಿ ಅಳ್ತಿರೋರ ನಾಡಿ ಹಿಡಿದು ನೋಡ್ತೀನಿ ಅಕ್ಕಾ" ಎನ್ನುತ್ತಾರೆ. ಆಟದಲ್ಲಿ ಅವರು ಮಹಾ ಮಂತ್ರವಾದಿ. ಆದರೆ ಅಭ್ಯಾಸ ಎಲ್ಲಿ ಬಿಟ್ಟೀತು!

ಪುಸ್ತಕ ಹಿಡಿದು ಕಥೆ ನಡೆಸುವ ಈ ಅಕ್ಕನನ್ನು ಎಲ್ಲರೂ ಕರೆಯುವುದು 'ದಾಳದಕ್ಕ' ಎಂದು. ಹಗಲಿಡೀ ಗಂಡನ ಜೊತೆ ಲಾಂಡ್ರಿ ನಡೆಸುತ್ತಾರೆ. ಬೆಳಗಿನ ಜಾವ ಅವರಿಗೆ ಬೇರೆಯೇ ಕೆಲಸ. ಒಬ್ಬರು ಕಥೆ ನಡೆಸುತ್ತಾ, ಉಳಿದವರು ಬಿಲ್ಲುಗಾರರೋ ಕಳ್ಳರೋ ಮಂತ್ರವಾದಿಗಳೋ ಆಗಿ, ಕಷ್ಟದ ಗಳಿಗೆಯಲ್ಲಿ ದಾಳ ಉರುಳಿಸಿ ಆಡುವ ಆಟವೊಂದಿದೆಯಲ್ಲ, ಅದಕ್ಕೆಂದೇ ಅಚ್ಚಾಗಿ ಬರುವ ಸಾಹಸದ ಪುಸ್ತಕಗಳ ಗಟ್ಟಿ-ಜಳ್ಳು ಹೇಳುವುದು. ಮುಖಪುಟ ನೋಡಿದರೆ ಎಲ್ಲದರ ಮೇಲೂ ಬೆಂಕಿಯುಗುಳುವ ಒಂದು ಪ್ರಾಣಿ ಇದ್ದೇ ಇರುತ್ತದೆ. ಒಳಗೇನಿದೆ ಎಂಬುದು ಆಡಿದವರಿಗೇ ಗೊತ್ತು. ಎದುರು ರಸ್ತೆಯ ಗ್ರಂಥಾಲಯದಲ್ಲಿ ಇಂಥ ಪುಸ್ತಕಗಳದ್ದೇ ಒಂದು ಕಪಾಟಿದೆ. ಅಕ್ಕ ಹೂಂ ಅಂದರೆ ಪುಸ್ತಕ ಕಪಾಟಿಗೆ, ಇಲ್ಲದಿದ್ದರೆ ವಾಪಸ್ಸು. ಎಲ್ಲೂ ಅವರ ಹೆಸರಿರುವುದಿಲ್ಲ.

ಇವತ್ತು ಮೇಜಿನ ಮೇಲಿರುವ ಪುಸ್ತಕ ಅವರ ಗಂಡನದು. ಎಷ್ಟೋ ವರ್ಷ ಬರೆದು, ತಿದ್ದಿ, ಕೊನೆಗೂ ಒಬ್ಬ ಸಣ್ಣ ಪ್ರಕಾಶಕರಿಂದ ಅಚ್ಚಾಗಿ ಬಂದ ಅವರ ಮೊದಲ ಸಾಹಸ. ಸಂಕೋಚಪಟ್ಟ ಗ್ರಂಥಪಾಲಕರು "ಇದೊಂದನ್ನ ಬೇರೆಯವರ ಹತ್ರ ಆಡಿಸೋಣ" ಎಂದರಂತೆ. ಒಪ್ಪದವರು ಬರೆದವರೇ. "ಇವಳ ಮೇಜಿಗೇ ಬರ್ಲಿ. ಇಲ್ಲಿ ಪಾಸಾಗ್ದೇ ಕಪಾಟು ಸೇರಿ ಏನ್ ಮಾಡ್ಲಿ?" ಎಂದು, ಆಟ ನೋಡಿ ಬರೆಯಲು ಬಂದ ನನ್ನೆದುರೂ ಹೇಳಿದರು. ಅಷ್ಟು ಹೇಳಿ, ಪರದೆಯಾಚೆ ಅಂಗಡಿಯಲ್ಲಿ ನಿಂತು, ಏನೂ ಕೇಳಿಸದವರಂತೆ ಅಂಗಿ ಇಸ್ತ್ರಿ ಮಾಡುತ್ತಿದ್ದಾರೆ. ಒಳಗೆ ಯಾರಾದರೂ ನಕ್ಕರೆ ಇಸ್ತ್ರಿಪೆಟ್ಟಿಗೆಯ ಸದ್ದು ನಿಲ್ಲುತ್ತದೆ.

ಆಟ ಈ ಮನೆಗೆ ಬಂದದ್ದು ಸುಖದ ದಿನಗಳಲ್ಲಲ್ಲ. ಮಗಳು ಚಿಕ್ಕವಳಿದ್ದಾಗ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ್ದಳು. ಅಪ್ಪ ಹಾಸಿಗೆಯ ಪಕ್ಕ ಕೂತು ಕಥೆ ಹೂಡುತ್ತಿದ್ದರು, ಅಮ್ಮ ರಾಕ್ಷಸಿಯಾಗುತ್ತಿದ್ದರು, ಮಗಳು ದಾಳ ಉರುಳಿಸುತ್ತಿದ್ದಳು. "ಸೂಜಿ ಚುಚ್ಚೋಕೆ ಬಂದೋರನ್ನೂ ಇವರು ಕಥೆ ಒಳಗೆ ಎಳ್ಕೊಂಡ್ಬಿಡೋರು" ಎಂದು ಅಕ್ಕ ನಗುತ್ತಾರೆ, ಕಣ್ಣಂಚು ಒದ್ದೆಯಾಗುತ್ತದೆ. ಮಗಳು ಗುಣವಾಗಿ, ಬೆಳೆದು, ಈಗ ತನ್ನದೇ ಸಂಸಾರ ಹೂಡಿದ್ದಾಳೆ. ಆಟ ಮಾತ್ರ ತವರಲ್ಲೇ ಉಳಿದುಕೊಂಡಿತು.

ದಣಿದವರನ್ನೇ ಯಾಕೆ ಕೂರಿಸುತ್ತೀರಿ ಎಂದರೆ ಅಕ್ಕನ ಬಳಿ ಉತ್ತರ ಸಿದ್ಧ. "ಚುರುಕಾಗಿರೋರು ಎಂಥ ಸಪ್ಪೆ ಕಥೆಗೂ ತಾವೇ ಉಪ್ಪು-ಖಾರ ಹಾಕಿ ಆಡ್ಬಿಡ್ತಾರೆ. ದಣಿದೋರಿಗೆ ಅಷ್ಟು ತ್ರಾಣ ಎಲ್ಲಿರುತ್ತೆ? ಬೇಜಾರಾದ್ರೆ ತಲೆ ಸೀದಾ ಮೇಜಿಗೆ." ಹಿಂದೊಮ್ಮೆ ಬಲು ಹೆಸರುವಾಸಿ ಪುಸ್ತಕವೊಂದು ಬಂದಿತ್ತಂತೆ. ಸಿಂಹಾಸನದ ವರ್ಣನೆಯೇ ಒಂದೂವರೆ ಪುಟ. ಅಷ್ಟನ್ನೂ ಓದಿ ತಲೆಯೆತ್ತಿದರೆ ಡ್ರೈವರಣ್ಣ ಗೊರಕೆ ಹೊಡೆಯುತ್ತಿದ್ದರು. "ನಂಗೆ ಸಿಂಹಾಸನ ಸಿಕ್ತೋ ಇಲ್ವೋ ಗೊತ್ತಿಲ್ಲ, ನಿದ್ದೆ ಮಾತ್ರ ಚೆನ್ನಾಗಿ ಸಿಕ್ತು" ಎಂದು ಅವರು ಈಗಲೂ ನೆನೆಯುತ್ತಾರೆ.

ಅಕ್ಕನ ಇನ್ನೊಂದು ನಿಯಮ ಇನ್ನೂ ಬಿಗಿ. ಪುಸ್ತಕದಲ್ಲಿ ಇಲ್ಲದ್ದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಕಥೆ ಕಟ್ಟುವ ಕಲೆ ಅವರಿಗಿಲ್ಲವೆಂದಲ್ಲ. ಎಲ್ಲಿ ಹರಿದರೂ ನಿಂತ ನಿಲುವಿನಲ್ಲೇ ಹೊಲಿದಾರು. "ನಾನು ತೇಪೆ ಹಾಕಿದ್ರೆ ಪಾಸಾಗೋದು ನಾನು, ಪುಸ್ತಕ ಅಲ್ಲ. ನಾಳೆ ಇದನ್ನ ತಗೊಂಡು ಹೋಗೋ ಮನೇಲೆಲ್ಲ ನಾನಿರ್ತೀನಾ?"

ಇವತ್ತಿನ ಕಥೆ ಮಾತ್ರ ಸೊಗಸಾಗಿ ಸಾಗುತ್ತಿದೆ. ನದಿ ದಾಟಿಸಲು ಬಂದ ದೋಣಿಯವಳು ಬಾಯಿ ತೆರೆದದ್ದೇ ತಡ, ಮೂವರೂ ನೆಟ್ಟಗೆ ಕೂತಿದ್ದಾರೆ. ಬೇಕರಿಯವನ ಚಹಾ ಮುಟ್ಟದೆ ಆರಿದೆ. ಕೋಟೆಯೊಳಗೆ ಅಳು ಹತ್ತಿರವಾಗುತ್ತಿದೆ. ಗೋಡೆಯಾಚೆ ಯಾರೋ ಇದ್ದಾರೆ, ಅಲ್ಲಿಗೆ ಹೋಗಲು ಗುಪ್ತ ಬಾಗಿಲೊಂದಿದೆ. ಅದು ಸಿಗಲು ದಾಳದಲ್ಲಿ ದೊಡ್ಡ ಅಂಕಿ ಬೀಳಬೇಕು.

ನರ್ಸ್ ಉರುಳಿಸುತ್ತಾರೆ. ಸಾಲದು. ಡ್ರೈವರಣ್ಣ ಅಂಗೈಯಲ್ಲಿ ಉಜ್ಜಿ, ಊದಿ, ಉರುಳಿಸುತ್ತಾರೆ. ಅದೂ ಸಾಲದು. ಬೇಕರಿಯವನ ದಾಳ ಮೇಜಿನ ಕೆಳಗೆ ಬಿದ್ದು, ಎಲ್ಲರೂ ಬಗ್ಗಿ ನೋಡಿ, ಒಟ್ಟಿಗೆ "ಅಯ್ಯೋ" ಎನ್ನುತ್ತಾರೆ.

ಬಾಗಿಲು ಸಿಗದಿದ್ದರೆ ಮುಂದೇನು? ಅಕ್ಕ ಪುಟ ಮಗುಚುತ್ತಾರೆ, ಹಿಂದಕ್ಕೆ ಬರುತ್ತಾರೆ, ಮತ್ತೆ ಮಗುಚುತ್ತಾರೆ. ಪುಸ್ತಕದಲ್ಲಿ ಅದರ ಬಗ್ಗೆ ಒಂದಕ್ಷರವಿಲ್ಲ. 'ಗೋಡೆಯಲ್ಲೊಂದು ಬಿರುಕು ಕಾಣಿಸಿತು' ಎಂದು ಅಕ್ಕ ಒಂದು ಮಾತು ಅಂದರೆ ಸಾಕು, ಯಾರಿಗೂ ಗೊತ್ತಾಗದು. ಅನ್ನಲಿ ಎಂದು ನಾನಂತೂ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೇನೆ. ಪರದೆಯಾಚೆ ಇಸ್ತ್ರಿಪೆಟ್ಟಿಗೆಯ ಸದ್ದಿಲ್ಲ.

"ಕಥೆ ಇಲ್ಲಿಗೇ ನಿಲ್ತು" ಎನ್ನುತ್ತಾರೆ ಅಕ್ಕ. "ಮುಂದಕ್ಕೆ ದಾರಿ ಕೊಟ್ಟಿಲ್ಲ."

ಗಂಡ ಪರದೆ ಸರಿಸಿ ಒಳಬರುತ್ತಾರೆ. ಕೈಯಲ್ಲಿ ಯಾರದೋ ಅಂಗಿ, ಕಾಲರಿನ ಮೇಲೆ ಸುಟ್ಟ ಕಲೆ. "ಯಾರಿಗೂ ಬಾಗಿಲು ಸಿಗದೇ ಹೋಗ್ಬಹುದು ಅಂತ ಹೊಳೀಲೇ ಇಲ್ಲ ಕಣೇ. ಬರೆಯುವಾಗ ನಂಗೆ ಗೊತ್ತಿತ್ತಲ್ಲ, ಅದೆಲ್ಲಿದೆ ಅಂತ!" ನಗಲು ನೋಡುತ್ತಾರೆ, ಆಗುವುದಿಲ್ಲ. "ಹಾಗಾದ್ರೆ ಕಪಾಟಿಗೆ...?"

"ಈಗ್ಲೇ ಬೇಡ ರೀ. ಪ್ರಕಾಶಕರಿಗೆ ಹೇಳಿ ಆ ಪುಟ ಸರಿ ಮಾಡ್ಸಿ. ಆಮೇಲೆ ನೋಡೋಣ."

ಅವರು ತಲೆಯಾಡಿಸುತ್ತಾರೆ. ಹೊರಗೆ ಚೆನ್ನಾಗಿ ಬಿಸಿಲೇರಿದೆ. ರಾತ್ರಿಯಿಡೀ ದುಡಿದವರು ಇನ್ನು ಮನೆಗೆ ಹೋಗಿ ಮಲಗಬೇಕು. ಮೂವರಲ್ಲಿ ಒಬ್ಬರೂ ಅಲ್ಲಾಡುವುದಿಲ್ಲ.

"ಅಲ್ಲಾ, ಗೋಡೆ ಆಚೆ ಅಳ್ತಿದ್ದೋರು ಯಾರು?" ಎಂದು ಬೇಕರಿಯವನು ಪಟ್ಟು ಹಿಡಿಯುತ್ತಾನೆ. "ಅದನ್ನ ತಿಳ್ಕೊಳ್ದೆ ಹೋದ್ರೆ ನಂಗೆ ನಿದ್ದೆ ಬರುತ್ತಾ?"

"ನಾನು ಹೇಳೋ ಹಾಗಿಲ್ಲಪ್ಪ. ಬರೆದೋರೇ ಇದ್ದಾರಲ್ಲ, ಕೇಳಿ" ಎಂದು ಅಕ್ಕ ಎದ್ದು, ತಮ್ಮ ಕುರ್ಚಿಯನ್ನೇ ಗಂಡನ ಕಡೆ ತಳ್ಳುತ್ತಾರೆ. ಅವರು ಅಳುಕುತ್ತಾ ಕೂರುತ್ತಾರೆ, ಗಂಟಲು ಸರಿಪಡಿಸಿಕೊಳ್ಳುತ್ತಾರೆ, ಶುರು ಮಾಡುತ್ತಾರೆ. ನರ್ಸ್ ಗಲ್ಲಕ್ಕೆ ಕೈಯಾನಿಸಿ ಮುಂದಕ್ಕೆ ಬಾಗುತ್ತಾರೆ.

ಅಕ್ಕ ಅಂಗಡಿಗೆ ಬಂದು, ಗಂಡ ಅರ್ಧಕ್ಕೇ ಬಿಟ್ಟ ರಾಶಿಗೆ ಕೈ ಹಚ್ಚುತ್ತಾರೆ. ಬೇಜಾರಾಯಿತೇ ಎಂದು ನಾನು ಕೇಳಿದರೆ ಸೆರಗಿನಿಂದ ಕಣ್ಣೊರೆಸಿಕೊಂಡು, ಒಳಗಿನ ದನಿಗೆ ಕಿವಿಗೊಡುತ್ತಾರೆ.

"ನನ್ನ ಮೇಜಿನ ಮೇಲೆ ನಿಂತುಹೋದ ಕಥೆ ಬೇಕಾದಷ್ಟಿವೆ. ನಿಂತ ತಕ್ಷಣ ಎಲ್ಲರೂ ಚೀಲ ಹೆಗಲಿಗೇರಿಸಿ ಹೊರಟುಬಿಡ್ತಾರೆ" ಎನ್ನುತ್ತಾರೆ. "ಇವತ್ತು ಒಬ್ರಾದ್ರೂ ಎದ್ದಿದ್ದಾರಾ, ನೋಡಿ!"