ಅಂಗೈಯಲ್ಲಿ ಕಾವು ಅಳೆಯುವ ಓಬಣ್ಣ
ಜಗಳೂರು ಬಸ್ ಸ್ಟ್ಯಾಂಡಿನ ಹಿಂದೆ ಕುರಿಮಾಂಸ ಸುಟ್ಟು ಮಾರುವ ಓಬಣ್ಣನ ಪ್ರಕಾರ ಕಾವು ತೋರಿಸುವ ಮೀಟರ್ ಹುಟ್ಟಾ ಸುಳ್ಳ. ಮರದ ಪುಡಿ ಒತ್ತಿ ಮಾಡಿದ ಪೆಲೆಟ್ ತುಂಡು ಉರಿಸುವ ಹೊಸ ಗ್ರಿಲ್ ಬಂದ ಮೇಲೂ ಅವನು ಕಾವು ನೋಡುವುದು ಅಂಗೈಯಲ್ಲೇ. ಕಂಬಿಗಳ ಮೇಲೆ ಕೈ ಹಿಡಿದು, ಕಣದಲ್ಲಿ ರಾಶಿ ಅಳೆಯುವವರ ಹಾಗೆ ಒಂದು ಎನ್ನದೆ "ಲಾಭ, ಎರಡು, ಮೂರು" ಎಂದು ಎಣಿಸುತ್ತಾನೆ. ಐದಕ್ಕೆ ಕೈ ತಾನಾಗಿ ಹಿಂದೆ ಸರಿದರೆ ಕಾವು ಹದ. ಈಚೆಗೆ ಹತ್ತಾದರೂ ಸರಿಯುವುದಿಲ್ಲ. ಅದಕ್ಕೇ ದಿನಾ ಬೂದಿ ಕೆದರುತ್ತಾನೆ, ಗ್ರಿಲ್ಲಿಗೆ ಗಾಳಿ ಊದುವ ಫ್ಯಾನ್ ಒರೆಸುತ್ತಾನೆ, ಪೆಲೆಟ್ ಥಂಡಿ ಹಿಡಿದಿವೆಯೆಂದು ಬಿಸಿಲಿಗೆ ಹರವುತ್ತಾನೆ, ಕಂಪನಿಯವರಿಗೆ ಫೋನ್ ಮಾಡಿ "ಕಾವೇ ಬರ್ತಿಲ್ಲ ಸ್ವಾಮಿ, ಹೆಂಗೆ ಸುಡಾಕೆ ಆಗ್ತೈತೆ" ಎಂದು ಗೋಗರೆಯುತ್ತಾನೆ, ಕೊನೆಗೆ ಕಾವನ್ನು ಇನ್ನಷ್ಟು ಏರಿಸುತ್ತಾನೆ. ಮಾಂಸ ಕರಕಲಾಗಿ ಗಿರಾಕಿಗಳು ಎದ್ದು ಹೋಗುತ್ತಾರೆ. ನಿನ್ನೆ ಎಣಿಕೆ ಹದಿನಾರು ದಾಟಿದಾಗ ಚರ್ಮ ಸುಟ್ಟ ವಾಸನೆ ಬಂದು, ಹೆಂಡತಿ ತಿಪ್ಪಕ್ಕ ಅವನ ಕೈಯನ್ನು ಎಳೆದಳು. ಅಂಗೈ ತುಂಬ ಬೊಬ್ಬೆ. ಸಕ್ಕರೆ ಕಾಯಿಲೆಯಿಂದ ಅವನ ಪಾದ ಮರಗಟ್ಟಿದ್ದು ಅವಳಿಗೆ ಗೊತ್ತಿತ್ತು. ಅದು ಕೈಗೂ ಬಂದದ್ದು ಗೊತ್ತಿರಲಿಲ್ಲ. "ನೋವು ಆಗ್ತಿಲ್ಲೇನ್ರೀ?" ಎಂದಳು. ಓಬಣ್ಣ ಬೊಬ್ಬೆಗಳನ್ನು ನೋಡಿದ, ಮೀಟರನ್ನೂ ನೋಡಿದ. ಆಮೇಲೆ ಇನ್ನೊಂದು ಕೈಯನ್ನು ಕಂಬಿಗಳ ಮೇಲೆ ಹಿಡಿದು ಮೆಲ್ಲಗೆ "ಲಾಭ" ಎಂದ.