ಹಂಸಕ್ಕೆ ಬೆನ್ನು ತೋರಿಸಬಾರದು

೧. ಸ್ಥಳ: ಐರ್ಲೆಂಡಿನ ಬ್ಯಾಲಿನ್‌ಕೊಲಿಗ್, ನಮ್ಮ ಮನೆಯ ಹಿಂದಿನ ನದೀದಂಡೆ.
೨. ಕಾಲ: ಲಾಕ್‌ಡೌನಿನ ಬೆಳಗಿನ ವಾಕಿಂಗ್.
೩. ಎದುರುದಾರರು: ಮರಿಗಳನ್ನು ಕಾಯುತ್ತಿದ್ದ ಗಂಡು ಹಂಸ.

ಮಾನ್ಯರೇ,

ಇಂದು ಸದರಿ ಹಂಸವು ರೆಕ್ಕೆಯೆತ್ತಿ ಬುಸುಗುಟ್ಟಿದೊಡನೆ ನನಗೆ ಬಾಲ್ಯದಲ್ಲಿ ಕಂಡ, ಮೈಸೂರಿನ ನೆರೆಮನೆಯ ಹೆಬ್ಬಾತು ನೆನಪಾಯಿತು. ಬಾವಿಯ ದಾರಿ ತನ್ನದೇ ಎಂದು ಅದು ತಿಳಿದಿತ್ತು. ಓಡಿದ ನನ್ನನ್ನು ಅಟ್ಟಿಸಿಕೊಂಡು ಬಂದು ಚಡ್ಡಿ ಹಿಡಿದೆಳೆಯಿತು. ತುಂಬಿದ ಕೊಡವನ್ನು ಸೊಂಟದಲ್ಲಿಟ್ಟಿದ್ದ ಅಜ್ಜಿ ನಕ್ಕುಬಿಟ್ಟರು.

“ಓಡ್ತೀಯಲ್ಲೋ ಪುಕ್ಕಲ! ದೇವಸ್ಥಾನದಿಂದ ಬರೋವಾಗ ದೇವರಿಗೆ ಬೆನ್ನು ತೋರಿಸ್ತೀವೇನೋ? ಹಂಗೇ ನಿಧಾನಕ್ಕೆ ಹಿಂದಕ್ಕೆ ಬಾ.”

ಅಜ್ಜಿ ಬಾತನ್ನೇ ನೋಡುತ್ತ, ನೀರು ತುಳುಕದಂತೆ ಹಿಂದೆ ಸರಿದರು. ಸೆರಗು ಹಿಡಿದು ನಾನೂ ಸರಿದೆ. ಬಾತು ಗೊಣಗುತ್ತ ಅಲ್ಲೇ ಉಳಿಯಿತು.

ಇಂದು ನನ್ನ ಜೊತೆಗಿದ್ದ ಮೊಮ್ಮಗಳು ಓಡಲು ತಿರುಗಿದಳು.

“ಓಡ್ಬೇಡ ಪುಟ್ಟಿ, ನನ್ನ ಹಿಂದೆ ನಿಂತ್ಕೊ. ಅದನ್ನ ನೋಡ್ತಾ ಮೆಲ್ಲಗೆ ಹಿಂದಕ್ಕೆ ಹೋಗೋಣ.”

ಸಾಕಷ್ಟು ದೂರವಾದ ಮೇಲೆ ಹಂಸವು ರೆಕ್ಕೆ ಮಡಚಿ ಮರಿಗಳತ್ತ ತಿರುಗಿತು. ಮೊಮ್ಮಗಳು ನನ್ನನ್ನು ದಿಟ್ಟಿಸಿ, ಕ್ಷೇಮಕ್ಕೆ ‘ಗ್ರ್ಯಾಂಡ್’ ಎನ್ನುವ ಇಲ್ಲಿನ ಇಂಗ್ಲಿಷಿನಲ್ಲಿ ಕೇಳಿದಳು.

“ವಿ ಆರ್ ಗ್ರ್ಯಾಂಡ್ ನೌ, ಅಜ್ಜ. ಬಟ್ ವೈ ಆರ್ ಯು ಪ್ರೇಯಿಂಗ್?”

ನೋಡಿಕೊಂಡರೆ, ನನ್ನೆರಡು ಕೈಗಳೂ ಮುಗಿದಿದ್ದವು.

ಇಂತಿ, ಕ್ಷೇಮವಾಗಿ ಮನೆ ಸೇರಿದ,
ನಾಗರಾಜಯ್ಯ

ಲಗತ್ತು: ಹಂಸದ ಫೋಟೊ ಒಂದು, ಬಹು ದೂರದಿಂದ ತೆಗೆದದ್ದು.